ಹೊಲದಿಂದ ನಕ್ಷತ್ರದವರೆಗೆ: ಒಂದು ವೈಜ್ಞಾನಿಕ ಚಿತ್ರಕಥೆಯ ಅಧ್ಯಯನ

೧. ಪೀಠಿಕೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಹಳ್ಳಿಗಳಲ್ಲಿ ಬಯಲಾಟದ ಪರಂಪರೆ ಬಹುಕಾಲದಿಂದ ನಡೆದುಬಂದಿದೆ. ಆಟ ಕಲಿಸುವ ಮಾಸ್ತರರ ಬಳಿ ಕೈಬರಹದ ಒಂದು ಪುಸ್ತಕವಿರುವುದನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಕಂಡಿದ್ದೇವೆ. ಅದರಲ್ಲಿ ಪದಗಳಿರುತ್ತವೆ, ಮಾತುಗಳಿರುತ್ತವೆ. ಆಟ ಮಾತ್ರ ಇರುವುದಿಲ್ಲ. ಕಿರೀಟದ ಹೊಳಪು, ಹೆಜ್ಜೆಯ ಅಬ್ಬರ, ಸಾರಥಿಯ ಚೇಷ್ಟೆ, ಬೆಳಗಿನ ಜಾವದ ಚಳಿಯಲ್ಲಿ ಕಂಬಳಿ ಹೊದ್ದು ಕುಳಿತ ಜನ, ಇವಾವುವೂ ಆ ಪುಸ್ತಕದಲ್ಲಿ ಸಿಗುವುದಿಲ್ಲ. ಆದರೆ ಆ ಪುಸ್ತಕವಿಲ್ಲದೆ ಆಟವೇ ಇಲ್ಲ. ಬಲ್ಲವನು ಅದನ್ನು ಓದಿದರೆ ಇಡೀ ರಂಗವೇ ಅವನ ಕಣ್ಣಮುಂದೆ ಏಳುತ್ತದೆ.

ಚಲನಚಿತ್ರಕ್ಕೂ ಇಂಥ ಒಂದು ಪುಸ್ತಕವಿರುತ್ತದೆ. ಅದಕ್ಕೆ ಚಿತ್ರಕಥೆ ಎಂದು ಹೆಸರು. ಬಹುಪಾಲು ಚಿತ್ರಕಥೆಗಳು ಚಿತ್ರೀಕರಣ ಮುಗಿದೊಡನೆ ಮರೆಯಾಗುತ್ತವೆ. ಕೆಲವು ಮಾತ್ರ ಅಚ್ಚಾಗಿ ಓದುಗರ ಕೈಸೇರುತ್ತವೆ. ಹೀಗೆ ಪ್ರಕಟವಾದ ಚಿತ್ರಕಥೆಗಳಲ್ಲಿ 'ಇಂಟರ್‌ಸ್ಟೆಲ್ಲರ್' ಎಂಬ ಸುಪ್ರಸಿದ್ಧ ವೈಜ್ಞಾನಿಕ ಚಿತ್ರದ್ದೂ ಒಂದು. ಜೊನಾಥನ್ ನೋಲನ್ ಮತ್ತು ಕ್ರಿಸ್ಟೋಫರ್ ನೋಲನ್ ಎಂಬ ಸಹೋದರರು ಬರೆದು, ಅವರಲ್ಲಿ ಹಿರಿಯನಾದ ಕ್ರಿಸ್ಟೋಫರ್ ನಿರ್ದೇಶಿಸಿದ ಈ ಚಿತ್ರ ೨೦೧೪ರ ನವೆಂಬರಿನಲ್ಲಿ ತೆರೆಕಂಡಿತು. ಜಗತ್ತಿನಾದ್ಯಂತ ೬೦ ಕೋಟಿ ಡಾಲರಿಗೂ ಅಧಿಕ ಹಣ ಗಳಿಸಿತು. ದೃಶ್ಯಪರಿಣಾಮಕ್ಕಾಗಿ ಆಸ್ಕರ್ ಪ್ರಶಸ್ತಿ ಪಡೆಯಿತು. ೨೦೨೫ರ ಫೆಬ್ರವರಿಯಲ್ಲಿ ಭಾರತದಲ್ಲಿ ಮರುಬಿಡುಗಡೆಯಾದಾಗಲೂ ಯುವಕರು ಅದನ್ನು ಮುಗಿಬಿದ್ದು ನೋಡಿದರು. ಚಿತ್ರ ಬಿಡುಗಡೆಯಾದ ವರ್ಷವೇ ಅದರ ಸಂಪೂರ್ಣ ಚಿತ್ರಕಥೆಯು ಆಯ್ದ ರೇಖಾಚಿತ್ರಗಳೊಡನೆ ಪುಸ್ತಕರೂಪದಲ್ಲಿ ಹೊರಬಂದಿತು.

ಮಠದ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಯಲ್ಲಿ ಸಿನಿಮಾದ ಮಾತೇಕೆ ಎಂದು ಕೆಲವರಿಗೆ ಅನಿಸುವುದು ಸಹಜ. ಮಕ್ಕಳು ನಾವು ಬೇಡವೆಂದರೂ ಚಿತ್ರಗಳನ್ನು ನೋಡುತ್ತಾರೆ. ನೋಡಿದ್ದನ್ನು ಓದಿ, ಓದಿದ್ದನ್ನು ಒರೆಗೆ ಹಚ್ಚುವ ಅಭ್ಯಾಸವನ್ನು ಕಲಿಸಬೇಕಾದವರು ನಾವು. ಅದಕ್ಕಿಂತಲೂ ಮುಖ್ಯವಾದ ಕಾರಣ ಇನ್ನೊಂದಿದೆ. ನಕ್ಷತ್ರಗಳ ನಡುವಣ ಪ್ರಯಾಣದ ಕಥೆಯೆಂದು ಲೋಕವೆಲ್ಲ ಕೊಂಡಾಡಿದ ಈ ಕೃತಿಯ ಬೇರು ಇರುವುದು ಒಂದು ಮೆಕ್ಕೆಜೋಳದ ಹೊಲದಲ್ಲಿ, ಮತ್ತು ಒಂದು ಶಾಲೆಯ ಕೊಠಡಿಯಲ್ಲಿ. ತೆರೆಯ ಮೇಲಿನ ಅಬ್ಬರದಲ್ಲಿ ಈ ಸಂಗತಿ ಮರೆಯಾಗಬಹುದು, ಪುಸ್ತಕದಲ್ಲಿ ಮರೆಯಾಗುವುದಿಲ್ಲ. ಈ ಲೇಖನದ ಉದ್ದೇಶ ಅದನ್ನು ಅಧ್ಯಾಪಕ ಬಂಧುಗಳ ಗಮನಕ್ಕೆ ತರುವುದು.

೨. ಚಿತ್ರಕಥೆಯ ಸ್ವರೂಪ

ಕಾದಂಬರಿಯನ್ನು ಓದಿ ರೂಢಿಯಾದವರಿಗೆ ಚಿತ್ರಕಥೆ ಮೊದಮೊದಲು ಒಣಗಿದಂತೆ ತೋರುತ್ತದೆ. ಪ್ರತಿಯೊಂದು ದೃಶ್ಯದ ತಲೆಯ ಮೇಲೆ ಅದು ಒಳಾಂಗಣವೋ ಹೊರಾಂಗಣವೋ, ಯಾವ ಸ್ಥಳ, ಹಗಲೋ ರಾತ್ರಿಯೋ ಎಂಬ ಮೂರು ಸೂಚನೆಗಳಿರುತ್ತವೆ. ಅನಂತರ ನಡೆಯುವ ಕ್ರಿಯೆಯನ್ನು ವರ್ತಮಾನ ಕಾಲದಲ್ಲಿ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಹೇಳಲಾಗುತ್ತದೆ. ಬಳಿಕ ಪಾತ್ರದ ಹೆಸರು, ಅದರ ಕೆಳಗೆ ಮಾತು. ಪುಟವೊಂದಕ್ಕೆ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬುದು ಈ ಕಸುಬಿನವರ ಸ್ಥೂಲ ಲೆಕ್ಕ. ೧೬೯ ನಿಮಿಷಗಳ ಈ ಚಿತ್ರದ ಪುಸ್ತಕ ಏಕೆ ಅಷ್ಟು ದೀರ್ಘವೆಂಬುದು ಇದರಿಂದ ತಿಳಿಯುತ್ತದೆ.

ಕಣ್ಣಿಗೆ ಕಾಣದ್ದನ್ನೂ ಕಿವಿಗೆ ಕೇಳದ್ದನ್ನೂ ಚಿತ್ರಕಥೆಯಲ್ಲಿ ಬರೆಯುವಂತಿಲ್ಲ. ಕಾದಂಬರಿಕಾರನು ಒಬ್ಬ ತಂದೆಯ ದುಃಖವನ್ನು ಎರಡು ಪುಟ ವರ್ಣಿಸಬಲ್ಲ. ಚಿತ್ರಕಥೆಗಾರನಾದರೋ ಆ ತಂದೆ ಏನು ಮಾಡಿದನೆಂಬುದನ್ನು ಮಾತ್ರ ಹೇಳಬೇಕು. ಉಳಿದುದನ್ನು ನಟ ತುಂಬಬೇಕು. ಪುಸ್ತಕ ಓದುವಾಗ ಓದುಗನೇ ತುಂಬಬೇಕು.

ಈ ಬಗೆಯ ಓದು ನಮ್ಮವರಿಗೆ ಹೊಸದೇನಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ, ಸದ್ದಡಗಿಸಿ, ಒಂದೇ ಒಂದು ಸಾಲಿನ ಕಾರಣಿಕ ನುಡಿದು ಕೆಳಕ್ಕೆ ಬೀಳುತ್ತಾನೆ. ಆ ಸಾಲನ್ನು ಕೇಳಿದ ರೈತ ಅದಕ್ಕೆ ತನ್ನ ಹೊಲ, ತನ್ನ ಮಳೆ, ತನ್ನ ಬೆಳೆಗಳನ್ನು ಸೇರಿಸಿ ಅರ್ಥ ಮಾಡಿಕೊಳ್ಳುತ್ತ ಊರಿಗೆ ನಡೆಯುತ್ತಾನೆ. ಕಾರಣಿಕ ದೈವದ ನುಡಿಯೆಂದು ಜನ ನಂಬುತ್ತಾರೆ. ಚಿತ್ರಕಥೆ ಮನುಷ್ಯನ ಕಸುಬು. ಅವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೆ ಹೇಳಿದ್ದು ಕಡಮೆಯಾದಾಗ ಕೇಳುಗನ ಪಾಲು ಹೆಚ್ಚುತ್ತದೆಂಬ ಮಾತು ಎರಡಕ್ಕೂ ಒಪ್ಪುತ್ತದೆ.

೩. ಕಥಾಸಾರ

ಕಾಲ ಭವಿಷ್ಯದ್ದು. ಬೆಳೆಗಳಿಗೆ ಒಂದು ವಿಚಿತ್ರ ಕಾಡಿಗೆರೋಗ ತಗಲಿದೆ. ಗೋಧಿ ಹಿಂದೆಯೇ ನಾಶವಾಗಿದೆ, ಬೆಂಡೆಕಾಯಿಯ ಕೊನೆಯ ಬೆಳೆಯನ್ನು ನೆರೆಯ ರೈತನೊಬ್ಬ ಸುಡುತ್ತಿದ್ದಾನೆ, ಮೆಕ್ಕೆಜೋಳವೊಂದು ಉಳಿದಿದೆ. ಧೂಳಿನ ಬಿರುಗಾಳಿ ಎದ್ದಾಗ ಹಗಲು ಕತ್ತಲಾಗುತ್ತದೆ. ಊಟದ ತಟ್ಟೆಗಳನ್ನು ಬೋರಲು ಹಾಕಿಡುವುದು ಮನೆಮನೆಯ ವಾಡಿಕೆ. ಕೂಪರ್ ಎಂಬಾತ ಮೊದಲು ಎಂಜಿನಿಯರನೂ ಪರೀಕ್ಷಾರ್ಥ ವಿಮಾನಗಳ ಚಾಲಕನೂ ಆಗಿದ್ದು ಈಗ ರೈತನಾಗಿದ್ದಾನೆ. ಪತ್ನಿ ತೀರಿಹೋಗಿದ್ದಾಳೆ. ಮಾವನೂ, ೧೫ ವರ್ಷದ ಮಗ ಟಾಮನೂ, ೧೦ ವರ್ಷದ ಮಗಳು ಮರ್ಫಳೂ ಅವನೊಡನಿದ್ದಾರೆ. ಮಗಳ ಕೋಣೆಯ ಪುಸ್ತಕದ ಕಪಾಟಿನಿಂದ ಪುಸ್ತಕಗಳು ತಾವಾಗಿಯೇ ಬೀಳುತ್ತವೆ. ಅದು ದೆವ್ವವೆಂದು ಅವಳ ಊಹೆ. ಊಹಿಸಬೇಡ, ಲೆಕ್ಕವಿಡು, ಎಂದು ತಂದೆಯ ಬೋಧೆ.

ಮುಂದೆ ಈ ಸೂಚನೆಯ ಜಾಡು ಹಿಡಿದ ತಂದೆ ಗುಪ್ತವಾಗಿ ನಡೆಯುತ್ತಿದ್ದ ಒಂದು ಬಾಹ್ಯಾಕಾಶ ಕೇಂದ್ರವನ್ನು ಸೇರುತ್ತಾನೆ. ಶನಿಗ್ರಹದ ಬಳಿ ದೂರದ ನಕ್ಷತ್ರಮಂಡಲಕ್ಕೆ ತೆರೆದುಕೊಂಡ ಒಂದು ಒಳದಾರಿಯಿದೆ. ಅದರ ಮೂಲಕ ಹೋಗಿ ಮನುಷ್ಯರಿಗೆ ಬೇರೊಂದು ನೆಲೆ ಹುಡುಕಬೇಕು. ಅಳುವ ಮಗಳನ್ನು ಬಿಟ್ಟು ಆತ ಹೊರಡುತ್ತಾನೆ. ಹೋಗುವುದು ಸುಲಭ, ಮರಳುವುದು ಕಷ್ಟ. ಕಾಲವೇ ಅವನಿಗೆ ಇದಿರಾಗಿ ನಿಲ್ಲುತ್ತದೆ. ಕೊನೆಗೆ ಭೂಮಿಯ ಮನುಷ್ಯರನ್ನು ಉಳಿಸುವ ಲೆಕ್ಕವನ್ನು ಬಿಡಿಸುವವಳು ಮನೆಯಲ್ಲಿ ಉಳಿದು, ಓದಿ ವಿಜ್ಞಾನಿಯಾದ ಆ ಮಗಳೇ. ಅವಳಿಗೆ ಬೇಕಾದ ಸುಳಿವು ಬರುವುದೂ ಅದೇ ಪುಸ್ತಕದ ಕಪಾಟಿನ ಹಿಂದಿನಿಂದ.

ಬರವೂ ಬೆಳೆರೋಗವೂ ನಮ್ಮ ಸೀಮೆಗೆ ಕಲ್ಪನೆಯ ಮಾತಲ್ಲ. ೧೮೭೬-೭೮ರ ಮಹಾಕ್ಷಾಮದಲ್ಲಿ ಅಂದಿನ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ ಅತಿಯಾಗಿ ನರಳಿತು. ಇತ್ತೀಚಿನ ಉದಾಹರಣೆಯನ್ನೇ ಹೇಳುವುದಾದರೆ, ಅಮೆರಿಕಾ ಖಂಡದ ಮೂಲದ ಸೈನಿಕ ಹುಳುವು ಭಾರತದಲ್ಲಿ ಮೊತ್ತಮೊದಲು ಕಂಡುಬಂದದ್ದು ನಮ್ಮ ಕರ್ನಾಟಕದ ಶಿವಮೊಗ್ಗೆಯಲ್ಲಿ, ೨೦೧೮ರ ಮೇ ತಿಂಗಳಲ್ಲಿ, ಮೆಕ್ಕೆಜೋಳದ ಬೆಳೆಯಲ್ಲಿ. ಹರಪನಹಳ್ಳಿಯ ಕಡೆ ಮೆಕ್ಕೆಜೋಳ ಬೆಳೆಯುವ ಮನೆಯ ವಿದ್ಯಾರ್ಥಿ ಈ ಚಿತ್ರಕಥೆಯ ಮೊದಲ ಪುಟಗಳನ್ನು ಓದುವಾಗ ಅದು ಪರದೇಶದ ಕಥೆಯೆಂದು ಅವನಿಗೆ ಅನಿಸಲಾರದು.

ನೋಲನ್ ಸಹೋದರರು ಈ ಧೂಳನ್ನು ಶೂನ್ಯದಿಂದ ಸೃಷ್ಟಿಸಲಿಲ್ಲ. ೧೯೩೦ರ ದಶಕದಲ್ಲಿ ಅಮೆರಿಕಾದ ಮಧ್ಯಭಾಗದ ಬಯಲುಗಳಲ್ಲಿ ಹುಲ್ಲುಗಾವಲನ್ನು ಮಿತಿಮೀರಿ ಉತ್ತುದರಿಂದಲೂ, ಅದೇ ಕಾಲಕ್ಕೆ ಮಳೆ ಕೈಕೊಟ್ಟುದರಿಂದಲೂ ಮೇಲ್ಮಣ್ಣೆಲ್ಲ ಗಾಳಿಗೆದ್ದಿತು. ೧೯೩೫ರ ಏಪ್ರಿಲ್ ೧೪ರಂದು ಎದ್ದ ಬಿರುಗಾಳಿಯಿಂದಾಗಿ ಆ ದಿನವನ್ನು ಅಲ್ಲಿ 'ಕರಾಳ ಭಾನುವಾರ' ಎಂದೇ ಕರೆಯುತ್ತಾರೆ. ಆ ದಿನಗಳನ್ನು ಕಂಡುಂಡ ವೃದ್ಧರ ಮಾತುಗಳನ್ನು ಕೆನ್ ಬರ್ನ್ಸ್ ಎಂಬವರು ೨೦೧೨ರಲ್ಲಿ ಒಂದು ಸಾಕ್ಷ್ಯಚಿತ್ರದಲ್ಲಿ ಸಂಗ್ರಹಿಸಿದ್ದರು. ಅದರ ಕೆಲವು ತುಣುಕುಗಳನ್ನೇ ಈ ಚಿತ್ರದ ಆರಂಭದಲ್ಲಿ ಬಳಸಿಕೊಳ್ಳಲಾಗಿದೆ. ಭವಿಷ್ಯದ ಕಥೆಗೆ ಭೂತಕಾಲವೇ ಸಾಕ್ಷಿ ನುಡಿಯುವುದು ಇಲ್ಲಿ ಗಮನಿಸತಕ್ಕ ಅಂಶ.

೪. ಎರಡು ದೃಶ್ಯಗಳು

ಅಧ್ಯಾಪಕರು ಮತ್ತೆ ಮತ್ತೆ ಓದಬೇಕಾದ ಭಾಗ ಪುಸ್ತಕದ ಆರಂಭದಲ್ಲಿಯೇ ಇದೆ. ಅದು ಒಂದರ ಹಿಂದೆ ಒಂದು ಬರುವ ಎರಡು ದೃಶ್ಯಗಳ ಜೋಡಿ.

ಮೊದಲನೆಯದರಲ್ಲಿ ಕೂಪರನು ಮಕ್ಕಳೊಡನೆ ಶಾಲೆಗೆ ಹೊರಟಿದ್ದಾನೆ. ಆಕಾಶದಲ್ಲಿ ಚಾಲಕನಿಲ್ಲದ ಒಂದು ವಿಮಾನ ಕಾಣಿಸುತ್ತದೆ. ಅದು ಭಾರತೀಯ ವಾಯುಪಡೆಯದು! ದೆಹಲಿಯ ನಿಯಂತ್ರಣ ಕೇಂದ್ರ ಮುಚ್ಚಿ ಹತ್ತು ವರ್ಷಗಳಾದರೂ ಸೂರ್ಯನ ಬೆಳಕಿನಿಂದಲೇ ಶಕ್ತಿ ಪಡೆಯುತ್ತ, ಯಾರೂ ಕರೆಯದೆ, ಯಾರಿಗೂ ಬೇಡವಾಗಿ, ಅದು ಇನ್ನೂ ಹಾರುತ್ತಿದೆ. ಕೂಪರನು ಜೋಳದ ಹೊಲದ ನಡುವೆಯೇ ವಾಹನ ನುಗ್ಗಿಸಿ ಅದನ್ನು ಹಿಂಬಾಲಿಸುತ್ತಾನೆ; ಮಗಳ ಕೈಯಿಂದಲೇ ಅದನ್ನು ನೆಲಕ್ಕಿಳಿಸುತ್ತಾನೆ. ಅದರ ಭಾಗಗಳನ್ನು ಬಿಚ್ಚಿ ಹೊಲದ ಯಂತ್ರಕ್ಕೆ ಜೋಡಿಸುವುದು ಅವನ ಯೋಜನೆ. ಅದು ಯಾರಿಗೂ ಕೇಡು ಮಾಡುತ್ತಿಲ್ಲವಲ್ಲ, ಬಿಟ್ಟುಬಿಡಬಾರದೇ ಎಂದು ಮಗಳು ಕೇಳುತ್ತಾಳೆ. ಉಳಿದವರೆಲ್ಲ ಕಾಲಕ್ಕೆ ಹೊಂದಿಕೊಂಡಂತೆ ಇದೂ ಹೊಂದಿಕೊಳ್ಳಬೇಕು ಎಂಬುದು ತಂದೆಯ ಉತ್ತರ.

ಎರಡನೆಯ ದೃಶ್ಯ ಶಾಲೆಯದು. ಮುಖ್ಯೋಪಾಧ್ಯಾಯನು ಟಾಮನ ಪರೀಕ್ಷೆಯ ಅಂಕಗಳನ್ನು ಮುಂದಿಟ್ಟುಕೊಂಡು, ಹುಡುಗ ಒಳ್ಳೆಯ ರೈತನಾಗುತ್ತಾನೆಂದು ಶುಭವಾರ್ತೆಯಂತೆ ಹೇಳುತ್ತಾನೆ. ವಿಶ್ವವಿದ್ಯಾಲಯಕ್ಕೆ ಬೆರಳೆಣಿಕೆಯಷ್ಟು ಜನರಿಗೆ ಮಾತ್ರ ಪ್ರವೇಶ; ಲೋಕಕ್ಕೀಗ ಬೇಕಾದುದು ಎಂಜಿನಿಯರರಲ್ಲ, ಅನ್ನ ಬೆಳೆಯುವವರು ಎಂಬುದು ಅವನ ವಾದ. ಕೂಪರನು ಸಿಟ್ಟಿನಿಂದ ಕೇಳುವ ಪ್ರಶ್ನೆಯ ತಾತ್ಪರ್ಯ ಇಷ್ಟು: ನಿಮ್ಮ ಷರಾಯಿ ಹೊಲಿಯುವುದಕ್ಕೂ ಎರಡು ಅಳತೆ ಬೇಕಾಗುವಾಗ ನನ್ನ ಮಗನ ಭವಿಷ್ಯಕ್ಕೆ ಒಂದೇ ಅಳತೆ ಸಾಕೇ? ಅಷ್ಟರಲ್ಲಿ ಶಿಕ್ಷಕಿ ಮರ್ಫಳ ಮೇಲಿನ ದೂರನ್ನು ಹೇಳುತ್ತಾಳೆ. ಮನುಷ್ಯ ಚಂದ್ರನ ಮೇಲೆ ಇಳಿದ ವಿಷಯವಿರುವ ಹಳೆಯ ಪುಸ್ತಕವನ್ನು ಆ ಹುಡುಗಿ ಶಾಲೆಗೆ ತಂದು ಸಹಪಾಠಿಗಳೊಡನೆ ಜಗಳವಾಡಿದ್ದಾಳೆ. ತಿದ್ದಿದ ಹೊಸ ಪಠ್ಯದ ಪ್ರಕಾರ ಚಂದ್ರಯಾನವೆಂಬುದು ಶತ್ರುರಾಷ್ಟ್ರವನ್ನು ದಿವಾಳಿ ಮಾಡಲು ಹೂಡಿದ ಸುಳ್ಳು ಪ್ರಚಾರ. ಮಕ್ಕಳು ಆಕಾಶದ ಕನಸು ಬಿಟ್ಟು ಭೂಮಿಯನ್ನು ನೋಡಿಕೊಳ್ಳಲೆಂಬ ಸದುದ್ದೇಶದಿಂದ ಪಠ್ಯವನ್ನು ತಿದ್ದಲಾಗಿದೆ! ತನ್ನ ಪತ್ನಿಯ ಮಿದುಳಿನ ಗಡ್ಡೆಯನ್ನು ಕಾಲಕ್ಕೆ ಸರಿಯಾಗಿ ಕಂಡುಹಿಡಿಯಬಲ್ಲ ಒಂದು ಯಂತ್ರವೂ ಉಳಿದಿರಲಿಲ್ಲವಾದ್ದರಿಂದ ಅವಳು ತೀರಿಕೊಂಡಳೆಂದು ಕೂಪರನು ಶಾಂತವಾಗಿ ನೆನಪಿಸುತ್ತಾನೆ.

ಚಿತ್ರ ನೋಡುವವರು ಈ ದೃಶ್ಯದಲ್ಲಿ ತಂದೆಯ ಪಕ್ಷ ವಹಿಸಿ ನಗುತ್ತಾರೆ; ಮುಂದೆ ಸಾಗುತ್ತಾರೆ. ಓದುಗನಿಗೆ ಪುಟ ಹಿಂದಕ್ಕೆ ತಿರುಗಿಸುವ ಅನುಕೂಲವಿದೆ. ತಿರುಗಿಸಿದರೆ ಒಂದು ಸತ್ಯ ಹೊಳೆಯುತ್ತದೆ. ಆಕಾಶದಲ್ಲಿ ಹಾರಾಡುತ್ತಿದ್ದ ಯಂತ್ರದ ಬಗ್ಗೆ ತಂದೆ ಮಗಳಿಗೆ ಹೇಳಿದ ಮಾತಿಗೂ, ಅವನ ಮಗನ ಬಗ್ಗೆ ಮುಖ್ಯೋಪಾಧ್ಯಾಯ ಹೇಳಿದ ಮಾತಿಗೂ ಸಾರದಲ್ಲಿ ವ್ಯತ್ಯಾಸವಿಲ್ಲ. ಹಾರುವುದನ್ನು ಇಳಿಸು, ಬಿಚ್ಚು, ಇಂದಿನ ಅಗತ್ಯಕ್ಕೆ ಹೊಂದಿಸು! ಯಂತ್ರಕ್ಕೆ ತಾನು ಕೊಟ್ಟ ತೀರ್ಪನ್ನೇ ತನ್ನ ಮಗುವಿಗೆ ಬೇರೊಬ್ಬ ಕೊಟ್ಟಾಗ ಅದು ಕೂಪರನನ್ನು ಚುಚ್ಚುತ್ತದೆ. ಬರೆದವರು ಇದನ್ನು ಎಲ್ಲಿಯೂ ವಿವರಿಸಿಲ್ಲ. ಎರಡು ದೃಶ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ಸುಮ್ಮನಾಗಿದ್ದಾರೆ. ಚಿತ್ರಕಥೆಯ ವ್ಯಾಕರಣವೆಂದರೆ ಇದೇ.

ಇಲ್ಲಿ ಒಂದು ಅಪಾರ್ಥಕ್ಕೆ ಎಡೆಗೊಡಬಾರದು. ಒಕ್ಕಲುತನ ಕೀಳೆಂದು ಈ ದೃಶ್ಯ ಹೇಳುತ್ತಿಲ್ಲ. ಕಾಯಕದಲ್ಲಿ ಮೇಲು ಕೀಳೆಂಬುದಿಲ್ಲವೆಂಬ ಶರಣರ ತತ್ತ್ವದಲ್ಲಿ ಬೆಳೆದ ನಮಗಂತೂ ಹಾಗೆ ಅನಿಸಕೂಡದು. ಆದರೆ ತಾನು ಒಪ್ಪಿ, ಮನಮುಟ್ಟಿ ಮಾಡಿದ್ದು ಕಾಯಕ. ಪರರು ಒಂದು ಅಂಕೆಯನ್ನು ನೋಡಿ ಹೆಗಲ ಮೇಲೆ ಇಟ್ಟದ್ದು ಹೊರೆ. ಟಾಮನ ಮುಂದಿನ ಬದುಕು ಇದನ್ನು ತೋರಿಸುತ್ತದೆ. ಅವನು ದುಡಿಯುವವನು, ನೆಲವನ್ನು ಪ್ರೀತಿಸುವವನು. ಆದರೆ ಧೂಳಿನಿಂದ ಒಂದು ಮಗುವನ್ನು ಕಳೆದುಕೊಂಡು, ಇನ್ನೊಂದು ಮಗು ಕೆಮ್ಮುತ್ತಿರುವಾಗಲೂ ಆ ಮನೆಯನ್ನು ಬಿಟ್ಟು ಕದಲದಷ್ಟು ಹಟಮಾರಿಯಾಗುತ್ತಾನೆ. ಬೇರೊಂದು ದಾರಿಯುಂಟೆಂದು ಅವನಿಗೆ ಯಾರೂ ಯಾವತ್ತೂ ತೋರಿಸಿರಲಿಲ್ಲ.

ಈ ಲೇಖಕನೂ ಅಧ್ಯಾಪಕ ವೃತ್ತಿಯಲ್ಲಿದ್ದವನೇ. ಹಿಂದೊಮ್ಮೆ ಹೆಗಲ ಮೇಲೆ ಕಂಬಳಿ ಹೊತ್ತ ತಂದೆಯೊಬ್ಬರು ಮಗನನ್ನು ಕರೆದುಕೊಂಡು ಬಂದು, ಮುಂದೆ ಓದಿಸಬೇಕೋ ಬೇಡವೋ ಎಂದು ಕೇಳಿದರು. ನಾನು ಅಂಕಪಟ್ಟಿಯನ್ನು ನೋಡಿದೆನೇ ಹೊರತು ಹುಡುಗನ ಮುಖವನ್ನು ನೋಡಲಿಲ್ಲ. ಗಣಿತದಲ್ಲಿಯೂ ಇಂಗ್ಲಿಷಿನಲ್ಲಿಯೂ ಕಡಮೆ ಅಂಕಗಳಿದ್ದವು. ಹೊಲದ ಕೆಲಸಕ್ಕೆ ಹಚ್ಚಿರೆಂದು ಹೇಳಿದೆ. "ನೀವು ಹೇಳಿದಂಗೇ ಆಗ್ಲಿ ಮೇಷ್ಟ್ರೇ" ಎಂದು ಅವರು ಕೈಮುಗಿದು ಹೋದರು. ಎಷ್ಟೋ ವರ್ಷಗಳ ಮೇಲೆ ಆ ಹುಡುಗ ಕೊಳವೆಬಾವಿಯ ಪಂಪುಗಳನ್ನು ದುರಸ್ತಿ ಮಾಡುವುದನ್ನು ತಾನಾಗಿಯೇ ಕಲಿತು, ಇಂಗ್ಲಿಷಿನ ಒಂದು ಕೈಪಿಡಿಯನ್ನು ಹಿಡಿದು ನನ್ನ ಮನೆಗೆ ಬಂದ. ವಿದ್ಯುತ್ತಿಗೆ ಸಂಬಂಧಿಸಿದ ಒಂದು ಪದದ ಅರ್ಥ ಅವನಿಗೆ ಬೇಕಾಗಿತ್ತು. ಅವನ ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಈ ಚಿತ್ರಕಥೆಯ ಶಾಲೆಯ ದೃಶ್ಯವನ್ನು ಓದುವಾಗ ನಾನು ಕೂಪರನ ಕುರ್ಚಿಯಲ್ಲಿ ಕುಳಿತಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳುವುದು ಅಗತ್ಯ.

ನಮ್ಮ ಸೀಮೆಯ ಸಾಹಿತ್ಯವೂ ಇದೇ ನೋವನ್ನು ಬೇರೆ ಬಗೆಯಲ್ಲಿ ಹೇಳಿದೆ. ಕೊಟ್ಟೂರಿನವರಾದ ಕುಂ. ವೀರಭದ್ರಪ್ಪನವರ ಕಥೆಯನ್ನಾಧರಿಸಿ ನಾಗತಿಹಳ್ಳಿ ಚಂದ್ರಶೇಖರರು ೧೯೯೪ರಲ್ಲಿ ನಿರ್ದೇಶಿಸಿದ 'ಕೊಟ್ರೇಶಿ ಕನಸು' ಚಿತ್ರ ದಲಿತ ಬಾಲಕನೊಬ್ಬನ ಓದಿನ ಹಂಬಲವನ್ನೂ, ಊರು ಅದಕ್ಕೆ ಒಡ್ಡುವ ಅಡ್ಡಿಯನ್ನೂ ಕುರಿತದ್ದು. ಅಲ್ಲಿ ತಡೆಯುವುದು ಜಾತಿ. ಇಲ್ಲಿ ತಡೆಯುವುದು ಅಂಕಪಟ್ಟಿ. ಎರಡು ಕಡೆಯೂ ಮಗುವಿನ ಭವಿಷ್ಯವನ್ನು ಮಗುವನ್ನು ಕೇಳದೆ ತೀರ್ಮಾನಿಸಲಾಗುತ್ತದೆ. ಇವೆರಡನ್ನೂ ಜೊತೆಗಿರಿಸಿ ಪಾಠ ಮಾಡಿದರೆ ವಿದ್ಯಾರ್ಥಿಗಳಿಗೆ ಹೆಚ್ಚು ಪ್ರಯೋಜನವಾದೀತು.

೫. ಕಾಲದ ಲೆಕ್ಕ

ಇನ್ನು ಈ ಕೃತಿಯ ವಿಜ್ಞಾನವನ್ನು ಪರಿಶೀಲಿಸೋಣ. ಇದರ ಬೀಜಕಲ್ಪನೆಯಲ್ಲಿ ಪಾಲುಗೊಂಡವರು ಕಿಪ್ ಥಾರ್ನ್ ಎಂಬ ಅಮೆರಿಕಾದ ಭೌತವಿಜ್ಞಾನಿ. ಸ್ಥಾಪಿತ ನಿಯಮಗಳನ್ನು ಮೀರಬಾರದು, ಊಹೆ ಮಾಡಿದರೂ ಅದು ವಿಜ್ಞಾನದಿಂದಲೇ ಹೊರಡಬೇಕು, ಎಂಬ ಎರಡು ಕಟ್ಟಳೆಗಳನ್ನು ಅವರು ವಿಧಿಸಿದರು. ಜೊನಾಥನ್ ನೋಲನ್ ಚಿತ್ರಕಥೆ ಬರೆಯುವ ಕಾಲದಲ್ಲಿ ಸಾಪೇಕ್ಷತಾ ಸಿದ್ಧಾಂತವನ್ನು ಅಭ್ಯಾಸ ಮಾಡಿದರು. ಕಥೆ ಬರೆಯುವುದಕ್ಕಾಗಿ ಪಾಠ ಕಲಿತ ಈ ಶ್ರದ್ಧೆಯನ್ನು ನಮ್ಮ ಬರಹಗಾರರೂ ಗಮನಿಸಬೇಕು.

ಕೃಷ್ಣರಂಧ್ರವೊಂದರ ಅತಿ ಸಮೀಪದ ಗ್ರಹಕ್ಕೆ ಕೂಪರನೂ ಸಂಗಡಿಗರೂ ಇಳಿಯುತ್ತಾರೆ. ಗುರುತ್ವ ಬಲವಾದಷ್ಟೂ ಕಾಲ ನಿಧಾನವಾಗಿ ಸರಿಯುತ್ತದೆಂಬುದು ಐನ್‌ಸ್ಟೈನರ ಸಿದ್ಧಾಂತ. ಆ ಗ್ರಹದ ಒಂದು ಗಂಟೆ ಭೂಮಿಯ ಏಳು ವರ್ಷಗಳಿಗೆ ಸಮ. ನಿರ್ದೇಶಕರು ಇಷ್ಟೊಂದು ವ್ಯತ್ಯಾಸ ಬೇಕೇ ಬೇಕೆಂದಾಗ ಅದು ಅಸಾಧ್ಯವೆಂದು ಥಾರ್ನರಿಗೆ ಮೊದಲು ತೋರಿತಂತೆ. ಲೆಕ್ಕ ಹಾಕಿ ನೋಡಿದ ಮೇಲೆ, ಕೃಷ್ಣರಂಧ್ರವು ಸಾಧ್ಯವಿರುವ ಗರಿಷ್ಠ ವೇಗದ ತೀರ ಸಮೀಪದಲ್ಲಿ ತಿರುಗುತ್ತಿದ್ದರೆ ಇದು ಸಾಧ್ಯವೆಂದು ಕಂಡುಬಂದಿತು.

ಈ ಲೆಕ್ಕವನ್ನು ತರಗತಿಯಲ್ಲಿಯೇ ಮಾಡಿಸಬಹುದು. ಏಳು ವರ್ಷಗಳಲ್ಲಿ ಸುಮಾರು ೬೧,೩೦೦ ಗಂಟೆಗಳಿವೆ. ಆದ್ದರಿಂದ ಕಾಲದ ವ್ಯತ್ಯಾಸ ಅಷ್ಟು ಪಟ್ಟು. ನಮ್ಮ ಶಾಲೆಯ ೪೦ ನಿಮಿಷಗಳ ಒಂದು ಪೀರಿಯಡ್ ಅಲ್ಲಿ ಕಳೆದರೆ ಭೂಮಿಯಲ್ಲಿ ೪ ವರ್ಷ ೮ ತಿಂಗಳು ಕಳೆದಿರುತ್ತದೆ. ಜೂನಿನಲ್ಲಿ ಎಂಟನೆಯ ತರಗತಿಗೆ ಬಂದ ಮಗು ಗಂಟೆ ಬಾರಿಸುವ ಹೊತ್ತಿಗೆ ಪಿ.ಯು.ಸಿ. ಅಂತಿಮ ಪರೀಕ್ಷೆಯ ಹೊಸ್ತಿಲಲ್ಲಿ ನಿಂತಿರುತ್ತದೆ. ಕೂಪರನು ಮಾತೃನೌಕೆಗೆ ಮರಳಿದಾಗ ೨೩ ವರ್ಷ ೪ ತಿಂಗಳು ೮ ದಿನಗಳಾಗಿವೆಯೆಂದು ಸಂಗಡಿಗನು ತಿಳಿಸುತ್ತಾನೆ. ಅದನ್ನು ಏಳರಿಂದ ಭಾಗಿಸಿದರೆ ಅವರು ಆ ಗ್ರಹದಲ್ಲಿ ಕಳೆದದ್ದು ಸುಮಾರು ೩ ಗಂಟೆ ೨೦ ನಿಮಿಷ ಎಂದಾಗುತ್ತದೆ. ಇದು ಬರಿಯ ಕಥೆಯಲ್ಲವೆಂಬುದಕ್ಕೆ ನಮ್ಮ ಜೇಬಿನ ದೂರವಾಣಿಯೇ ಸಾಕ್ಷಿ. ಅದಕ್ಕೆ ದಾರಿ ತೋರುವ ಜಿ.ಪಿ.ಎಸ್. ಉಪಗ್ರಹಗಳ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ೩೮ ಮೈಕ್ರೋಸೆಕೆಂಡುಗಳಷ್ಟು ಮುಂದೆ ಓಡುತ್ತದೆ. ಅದನ್ನು ಸರಿಪಡಿಸದಿದ್ದರೆ ದಾರಿ ತಪ್ಪುತ್ತದೆ.

ಈ ಲೆಕ್ಕದ ಬೆನ್ನಿಗೇ ಬರುವ ದೃಶ್ಯ ಇಡೀ ಪುಸ್ತಕದಲ್ಲಿ ಅತ್ಯಂತ ಮನಕಲಕುವಂಥದು. ಇಪ್ಪತ್ತಮೂರು ವರ್ಷಗಳಲ್ಲಿ ಮನೆಯಿಂದ ಬಂದು ಕೂಡಿದ್ದ ಸಂದೇಶಗಳನ್ನು ಕೂಪರನು ಒಂದೇ ಸಲಕ್ಕೆ ನೋಡುತ್ತಾನೆ. ಮಗ ಶಾಲೆ ಮುಗಿಸಿದ್ದು, ಮದುವೆಯಾದದ್ದು, ಮೊಮ್ಮಗ ಹುಟ್ಟಿದ್ದು, ಮಾವ ತೀರಿದ್ದು, ಎಲ್ಲವೂ ಕೆಲವು ನಿಮಿಷಗಳಲ್ಲಿ ಸರಿದುಹೋಗುತ್ತವೆ. ಕೊನೆಗೆ, ತಂದೆ ಹೊರಟಾಗ ಎಷ್ಟು ವಯಸ್ಸಿನವನಾಗಿದ್ದನೋ ಅಷ್ಟೇ ವಯಸ್ಸಿನವಳಾದ ಮಗಳು ತೆರೆಯ ಮೇಲೆ ಬರುತ್ತಾಳೆ. ಪುಟದ ಮೇಲೆ ಇದು ಕೆಲವೇ ಸಾಲುಗಳು. ದುಃಖವೆಂಬ ಮಾತನ್ನು ಹಿಗ್ಗಿಸಿಲ್ಲ. ದೂರದ ಊರುಗಳಿಗೆ ದುಡಿಯಲು ಹೋಗಿ ಮಕ್ಕಳ ಬೆಳವಣಿಗೆಯನ್ನು ದೂರವಾಣಿಯಲ್ಲಿಯೇ ಕಂಡ ತಂದೆತಾಯಿಗಳು ನಮ್ಮ ತಾಲ್ಲೂಕುಗಳಲ್ಲಿ ಎಷ್ಟು ಜನ! ಅವರ ಮಕ್ಕಳಿಗೆ ಈ ದೃಶ್ಯದ ಅರ್ಥವನ್ನು ಬಿಡಿಸಿ ಹೇಳುವ ಅಗತ್ಯ ಬೀಳದು.

ಕೃಷ್ಣರಂಧ್ರಗಳ ಅಧ್ಯಯನದಲ್ಲಿ ಕನ್ನಡಿಗರೊಬ್ಬರ ಪಾತ್ರ ಹಿರಿದಾದುದೆಂಬುದನ್ನು ವಿದ್ಯಾರ್ಥಿಗಳಿಗೆ ತಪ್ಪದೆ ತಿಳಿಸಬೇಕು. ಕನ್ನಡದ ಲೇಖಕರಾದ ಸಿ. ಕೆ. ವೆಂಕಟರಾಮಯ್ಯನವರ ಪುತ್ರ ಸಿ. ವಿ. ವಿಶ್ವೇಶ್ವರ ಅವರು ೧೯೩೮ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಬಾರಿಸಿದ ಗಂಟೆಯ ನಾದ ಕ್ರಮೇಣ ಅಡಗುವಂತೆ, ಕದಡಿದ ಕೃಷ್ಣರಂಧ್ರವೂ ತನ್ನದೇ ಆದ ಸ್ವರದ ತರಂಗಗಳನ್ನು ಹೊರಡಿಸಿ ಶಾಂತವಾಗುತ್ತದೆಂಬುದನ್ನು ಅವರು ೧೯೭೦ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿಕೊಟ್ಟರು. ಎರಡು ಕೃಷ್ಣರಂಧ್ರಗಳು ಕೂಡಿದಾಗ ಎದ್ದ ಗುರುತ್ವ ತರಂಗಗಳು ಮೊದಲ ಬಾರಿಗೆ ಸಿಕ್ಕಿದ್ದು ೨೦೧೫ರ ಸೆಪ್ಟೆಂಬರ್ ೧೪ರಂದು. ಅದನ್ನು ಲೋಕಕ್ಕೆ ಸಾರಿದ್ದು ೨೦೧೬ರ ಫೆಬ್ರವರಿ ೧೧ರಂದು. ಈ ಸಾಧನೆಗಾಗಿ ೨೦೧೭ರ ನೊಬೆಲ್ ಪಾರಿತೋಷಕ ಪಡೆದ ಮೂವರಲ್ಲಿ ಇದೇ ಕಿಪ್ ಥಾರ್ನರೂ ಒಬ್ಬರು. ೨೦೧೭ರ ಜನವರಿಯಲ್ಲಿ ನಿಧನರಾದ ವಿಶ್ವೇಶ್ವರ ಅವರು ತಮ್ಮ ಗಣಿತ ನಿಜವಾದುದನ್ನು ಕಣ್ಣಾರೆ ಕಂಡು ಹೋದರು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರೂ ಅವರೇ. ಶಾಲಾ ಪ್ರವಾಸದಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವಾಗ ಈ ಮಾತನ್ನು ಹೇಳಬೇಕು.

೬. ಕೃತಿಯ ಕೊರತೆಗಳು

ಪ್ರಸಿದ್ಧವಾದುದೆಲ್ಲ ನಿರ್ದೋಷವಲ್ಲ. ಗಾಳಿಯ ಸಾರಜನಕವನ್ನೇ ಉಂಡು ಬೆಳೆದು ಆಮ್ಲಜನಕವನ್ನು ಕ್ಷಯಿಸುವ ಬೆಳೆರೋಗವೆಂಬುದು ನಂಬಲು ಕಷ್ಟವಾದ ಕಲ್ಪನೆ. ಪ್ರೀತಿಯು ದೇಶಕಾಲಗಳನ್ನು ದಾಟುವ ಒಂದು ಶಕ್ತಿಯೆಂಬ ಮಾತು ಹೃದ್ಯವಾದರೂ ವಿಜ್ಞಾನವಲ್ಲ. ಧೂಳಿನ ವೃದ್ಧರನ್ನು ತಂದವರು, ಆ ಧೂಳಿಗೆ ಮನುಷ್ಯನ ನೇಗಿಲೇ ಕಾರಣವಾಗಿತ್ತೆಂಬುದನ್ನು ಹೇಳದೆ ಬಿಟ್ಟದ್ದು ದೊಡ್ಡ ಲೋಪ.

ಅದಕ್ಕಿಂತ ಮಿಗಿಲಾದ ಆಕ್ಷೇಪಣೆ ಇನ್ನೊಂದು. ಭೂಮಿ ಹಾಳಾದರೆ ಬಿಟ್ಟು ಹೋಗೋಣವೆಂಬುದನ್ನು ಕೃತಿ ವಿಜಯದಂತೆ ಚಿತ್ರಿಸುತ್ತದೆ. ಊರು ಬಿಡುವುದೆಂದರೇನೆಂಬುದನ್ನು ನಮ್ಮವರು ಬಲ್ಲರು. ೧೯೫೩ರಲ್ಲಿ ತುಂಗಭದ್ರಾ ಜಲಾಶಯ ತುಂಬಿದಾಗ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳಿಂದ ಗಂಟುಮೂಟೆ ಕಟ್ಟಿ ಎದ್ದುಬಂದ ಕುಟುಂಬಗಳ ಸಂತತಿ ಹಗರಿಬೊಮ್ಮನಹಳ್ಳಿ, ಹಡಗಲಿಗಳ ಕಡೆ ಇಂದಿಗೂ ಇದೆ. ಕೆರೆಯ ಹೂಳೆತ್ತಿ, ಬದು ಹಾಕಿ, ಇದ್ದ ನೆಲವನ್ನೇ ಉಳಿಸಿಕೊಳ್ಳುವ ವಿಜ್ಞಾನವೂ ವಿಜ್ಞಾನವೇ. ಆಕಾಶ ಮತ್ತು ಹೊಲ ಇವೆರಡರಲ್ಲಿ ಒಂದನ್ನೇ ಆರಿಸಬೇಕೆಂಬ ಮುಖ್ಯೋಪಾಧ್ಯಾಯನ ತಪ್ಪನ್ನು ಕೊನೆಯಲ್ಲಿ ಕೃತಿಯೂ ತಲೆಕೆಳಗಾಗಿ ಮಾಡಿದೆಯೋ ಎಂದು ಕೇಳುವಷ್ಟು ಧೈರ್ಯ ನಮ್ಮ ವಿದ್ಯಾರ್ಥಿಗಳಿಗೆ ಬರಬೇಕು.

ಇನ್ನೊಂದು ಎಚ್ಚರಿಕೆ. ಶರಣರ ಬಯಲು, ಶೂನ್ಯಗಳನ್ನು ಈ ಚಿತ್ರದ ಕೃಷ್ಣರಂಧ್ರಕ್ಕೆ ಹೋಲಿಸಿ, ಎಲ್ಲವೂ ನಮ್ಮವರಿಗೆ ಮೊದಲೇ ಗೊತ್ತಿತ್ತೆಂದು ಹಿಗ್ಗುವುದು ಸುಲಭ. ಬಯಲು ಅನುಭಾವದ ಮಾತು. ಕೃಷ್ಣರಂಧ್ರ ಅಳತೆಯ ಮಾತು. ಎರಡನ್ನೂ ಬೆರೆಸಿದರೆ ಎರಡಕ್ಕೂ ಅನ್ಯಾಯವಾಗುತ್ತದೆ.

೭. ಪಾಠ ಮಾಡುವ ಬಗೆ

ಪುಸ್ತಕದ ಇಂಗ್ಲಿಷು ಕಠಿಣವಲ್ಲ, ವಾಕ್ಯಗಳು ಚಿಕ್ಕವು. ಪದವಿಪೂರ್ವ ತರಗತಿಯ ವಿದ್ಯಾರ್ಥಿ ನಿಘಂಟಿನ ನೆರವಿನಿಂದ ಓದಬಲ್ಲ. ಪ್ರೌಢಶಾಲೆಯಲ್ಲಿ ಅಧ್ಯಾಪಕರು ಕನ್ನಡದಲ್ಲಿ ಹೇಳುತ್ತ ಹೋಗಬಹುದು. ಇಡೀ ಪುಸ್ತಕದ ಅಗತ್ಯವಿಲ್ಲ. ಮೇಲೆ ಹೇಳಿದ ಮೂರು ದೃಶ್ಯಗಳು, ಎಂದರೆ ಹಾರುವ ಯಂತ್ರ, ಶಾಲೆಯ ಕೊಠಡಿ, ಮನೆಯ ಸಂದೇಶಗಳು, ಸಾಕು. ಮೊದಲು ಓದಿಸಿ, ಕಂಡದ್ದನ್ನು ವಿದ್ಯಾರ್ಥಿಗಳಿಂದ ಬಾಯಲ್ಲಿ ಹೇಳಿಸಬೇಕು. ಅನಂತರ ಅದೇ ಭಾಗವನ್ನು ತೆರೆಯ ಮೇಲೆ ತೋರಿಸಿ, ತಾವು ಕಲ್ಪಿಸಿದ್ದಕ್ಕೂ ನಿರ್ದೇಶಕರು ಮಾಡಿದ್ದಕ್ಕೂ ಇರುವ ವ್ಯತ್ಯಾಸವನ್ನು ಚರ್ಚಿಸಬೇಕು. ತೋರಿಸುವುದು ಮೊದಲಾದರೆ ಕಲ್ಪನೆ ಮಲಗಿಬಿಡುತ್ತದೆ.

ಕೊನೆಗೆ ಪ್ರತಿಯೊಬ್ಬರಿಂದಲೂ ತಮ್ಮ ಊರಿನ ಒಂದು ಪುಟದ ಚಿತ್ರಕಥೆಯನ್ನು ಬರೆಸಬೇಕು. ಹಡಗಲಿಯಲ್ಲಿ ನಸುಕಿನಲ್ಲಿ ಮಲ್ಲಿಗೆ ಬಿಡಿಸುವ ತಾಯಂದಿರು, ಕೊಟ್ಟೂರಿನಲ್ಲಿ ತೇರಿನ ದಿನ ಕೈತಪ್ಪಿದ ಮಗು, ಕೂಡ್ಲಿಗಿಯ ಕಡೆ ನೀರು ಬಾರದ ಕೊಳವೆಬಾವಿಯ ಸುತ್ತ ನಿಂತ ಮನೆಮಂದಿ, ಹೀಗೆ ವಿಷಯಗಳಿಗೆ ಬರವಿಲ್ಲ. ಕಟ್ಟಳೆ ಒಂದೇ: ಕಾಣುವುದನ್ನೂ ಕೇಳುವುದನ್ನೂ ಮಾತ್ರ ಬರೆಯಬೇಕು, ದುಃಖವಾಯಿತು, ಸಂತೋಷವಾಯಿತು ಎಂದು ಬರೆಯಕೂಡದು. ಪ್ರಬಂಧವೆಂದರೆ ಬಾಯಿಪಾಠವೆಂದು ತಿಳಿದ ಮಕ್ಕಳಿಗೆ ನೋಡಿ ಬರೆಯುವ ಶಿಸ್ತು ಇದರಿಂದ ದೊರೆಯುತ್ತದೆ. ಅಂಕಪಟ್ಟಿ ಅಳೆಯದ ಶಕ್ತಿ ಯಾವ ಮಗುವಿನಲ್ಲಿದೆಯೆಂಬುದು ಅಧ್ಯಾಪಕರಿಗೂ ತಿಳಿಯುತ್ತದೆ.

೮. ಉಪಸಂಹಾರ

ಈ ಚಿತ್ರಕಥೆಯಲ್ಲಿ ತಂದೆಯಿಂದ ಮಗಳಿಗೆ, ಮಗಳಿಂದ ಮನುಕುಲಕ್ಕೆ ಅರಿವು ಹರಿದುಬರುವ ದಾರಿ ಯಾವುದು? ಅದು ಹೊಲದ ಮನೆಯೊಂದರ ಅಟ್ಟದ ಕೋಣೆಯಲ್ಲಿರುವ ಪುಸ್ತಕದ ಕಪಾಟು. ಅಗಾಧವಾದ ಬಾಹ್ಯಾಕಾಶವನ್ನೆಲ್ಲ ಸುತ್ತಿದ ಕಥೆ ಕಟ್ಟಕಡೆಗೆ ಬಂದು ನಿಲ್ಲುವುದು ಆ ಕಪಾಟಿನ ಹಿಂದೆ. ಶಾಲೆ ಅವಳನ್ನು ಹೊರಗೆ ಹಾಕಿದಾಗಲೂ ಆ ಕಪಾಟು ಅವಳನ್ನು ಕೈಬಿಡಲಿಲ್ಲ.

ಮನುಷ್ಯ ಚಂದ್ರನ ಮೇಲಿಳಿದದ್ದು ೧೯೬೯ರ ಜುಲೈ ೨೦ರಂದು. ನಮ್ಮ ದೇಶದ ಚಂದ್ರಯಾನ-೩ರ ನೌಕೆ ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದದ್ದು ೨೦೨೩ರ ಆಗಸ್ಟ್ ೨೩ರಂದು. ಅದನ್ನು ನಡೆಸಿದ ನಿಯಂತ್ರಣ ಕೇಂದ್ರ ನಮ್ಮ ಬೆಂಗಳೂರಿನಲ್ಲಿಯೇ ಇದೆ. ಕಥೆಯಲ್ಲಿ ದೆಹಲಿಯ ಕೇಂದ್ರ ಮುಚ್ಚಿದೆ. ವಾಸ್ತವದಲ್ಲಿ ನಮ್ಮ ಕೇಂದ್ರದ ದೀಪ ಉರಿಯುತ್ತಿದೆ. ಅದು ಮುಂದೆಯೂ ಉರಿಯಬೇಕಾದರೆ ಎಲ್ಲೋ ಒಂದು ಹಳ್ಳಿಯ ಮಗುವಿನ ಕೈಗೆ ಸರಿಯಾದ ಕಾಲಕ್ಕೆ ಸರಿಯಾದ ಪುಸ್ತಕ ಸಿಗಬೇಕು.

ನಮ್ಮ ಮಠಗಳು ಅನ್ನದಾಸೋಹದೊಡನೆ ಅಕ್ಷರದಾಸೋಹವನ್ನೂ ನಡೆಸಿಕೊಂಡು ಬಂದಿವೆ. ದಾನಿಗಳ ಔದಾರ್ಯದಿಂದ ಕಟ್ಟಡಗಳು ಎದ್ದಿವೆ, ಪ್ರಸಾದನಿಲಯಗಳು ನಡೆದಿವೆ. ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಈ ಲೇಖಕನ ವಿನಮ್ರ ಬಿನ್ನಹ ಒಂದೇ: ಶಾಲೆಯ ಗ್ರಂಥಾಲಯಕ್ಕೆ, ಬೀಗವಿಲ್ಲದ ಒಂದು ಕಪಾಟನ್ನು ಕೊಡಿಸಿರಿ, ಅದರಲ್ಲಿ ವಚನ ಸಂಪುಟಗಳ ಪಕ್ಕದಲ್ಲಿ ವಿಜ್ಞಾನದ ಪುಸ್ತಕಗಳೂ, ಒಂದೆರಡು ಚಿತ್ರಕಥೆಗಳೂ ಇರಲಿ. ಅಧ್ಯಾಪಕ ಮಿತ್ರರಲ್ಲಿ ಇನ್ನೊಂದು ಬಿನ್ನಹ. ಮುಂದಿನ ಸಲ ಯಾರಾದರೂ ತಂದೆ ಮಗುವನ್ನು ಕರೆದುಕೊಂಡು ಬಂದು ಏನು ಮಾಡಲೆಂದು ಕೇಳಿದಾಗ, ಅಂಕಪಟ್ಟಿಯನ್ನು ತೆರೆಯುವ ಮೊದಲು ಮಗುವನ್ನು ಆ ಕಪಾಟಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಿಸಿರಿ. ಅದು ಯಾವ ಪುಸ್ತಕಕ್ಕೆ ಕೈಚಾಚುತ್ತದೆಂಬುದನ್ನು ನೋಡಿದ ಮೇಲೆ ಮಾತನಾಡಿರಿ.